ಬದಲಾವಣೆಗಳ ನಡುವೆ ಬದಲಾಗದ ಲಕ್ಷಣಗಳು

ಅನುವಂಶೀಯತೆಯ ಪಾಠದಲ್ಲಿ ಭಿನ್ನತೆಗೆ ಹೆಚ್ಚು ಪ್ರಾಧಾನ್ಯ ದೊರೆಯುತ್ತದೆ. ಅದು ಉಚಿತವೂ ಹೌದು. ಆದರೆ ಜೀನುಗಳಲ್ಲಿ ಭಿನ್ನತೆಯೂ ಮಳೆ ಬಿಸಿಲುಗಳಲ್ಲಿ ಏರಿಳಿತವೂ ಇರುವಾಗ ಆಡು, ಎತ್ತು, ಮನುಷ್ಯ ಎಲ್ಲರ ಕುತ್ತಿಗೆಯಲ್ಲಿಯೂ ಏಳೇ ಮೂಳೆಗಳು ಮೂಡುವುದು ಹೇಗೆ? ಈ ಪ್ರಶ್ನೆಯನ್ನು ಕೇಳದಿದ್ದರೆ ಭಿನ್ನತೆಯ ಪಾಠವೂ ಅಪೂರ್ಣವಾಗುತ್ತದೆ.

ಚಟುವಟಿಕೆ

ಉಟ್ಕೂರ್, ಮಕ್ತಲ್ ಸುತ್ತಿನ ಮಕ್ಕಳಿಗೆ ತೊಗರಿ ಚಿರಪರಿಚಿತ ಬೆಳೆ. ಮನೆಯಲ್ಲಿ ತೆಲುಗು ಆಡುವವರು ಅದನ್ನು 'ಕಂದಿ' ಎಂದಾರು. ಹೂ ಬಿಡುವ ಕಾಲದಲ್ಲಿ ಎರೆ ಹೊಲದ ಹತ್ತು ಗಿಡಗಳನ್ನು, ಮಸಾರಿ ಹೊಲದ ಹತ್ತು ಗಿಡಗಳನ್ನು ಮಕ್ಕಳು ಪರಿಶೀಲಿಸಲಿ. ಎತ್ತರ, ಕೊಂಬೆ ಮತ್ತು ಕಾಯಿಗಳ ಸಂಖ್ಯೆ, ಒಂದು ಎಲೆಯಲ್ಲಿರುವ ಕಿರುಎಲೆಗಳು, ಹೂವಿನ ದಳಗಳು, ಕೇಸರಗಳು ಇವನ್ನು ಪಟ್ಟಿ ಮಾಡಲಿ. ಮೊದಲ ಮೂರು ಅಂಶಗಳು ಗಿಡದಿಂದ ಗಿಡಕ್ಕೆ ಬದಲಾಗುತ್ತವೆ. ಕಿರುಎಲೆಗಳು ಮೂರು, ದಳಗಳು ಐದು, ಕೇಸರಗಳು ಹತ್ತು (ಒಂಬತ್ತು ಕೂಡಿಕೊಂಡು ಒಂದು ಬಿಡಿಯಾಗಿ) ಎಂಬುದು ಎರಡೂ ಹೊಲಗಳಲ್ಲಿ ಒಂದೇ. ಎಲ್ಲಿಯಾದರೂ ನಾಲ್ಕು ಕಿರುಎಲೆಗಳು ಕಂಡರೆ ಅದನ್ನು ಅಳಿಸದೆ ದಾಖಲಿಸಬೇಕು. ಸ್ಥಿರತೆಯೆಂದರೆ ಅಪವಾದವೇ ಇಲ್ಲವೆಂದಲ್ಲ.

ವಿವರಣೆ

1942ರಲ್ಲಿ ಬ್ರಿಟಿಷ್ ವಿಜ್ಞಾನಿ ವಾಡಿಂಗ್ಟನ್ ಬೆಳವಣಿಗೆಯನ್ನು ಕಾಲುವೆಯಲ್ಲಿ ಹರಿಯುವ ಹರಿವಿಗೆ ಹೋಲಿಸಿದನು. ಇಳಿಜಾರಿನ ಯಾವ ಬದಿಯಲ್ಲಿ ಮಳೆ ಬಿದ್ದರೂ ನೀರು ಕೊನೆಗೆ ಅದೇ ಹಳ್ಳಕ್ಕೆ ಸೇರುವಂತೆ, ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಬೆಳವಣಿಗೆ ಅದೇ ರೂಪವನ್ನು ತಲಪುತ್ತದೆ.

ಇದಕ್ಕೆ ಮೂರು ಕಾರಣಗಳನ್ನು ತರಗತಿಯಲ್ಲಿ ವಿವರಿಸಬಹುದು. ಒಂದು, ಹೆಚ್ಚಿನ ಜೀನುಗಳಿಗೆ ತಂದೆಯಿಂದೊಂದು, ತಾಯಿಯಿಂದೊಂದು ಪ್ರತಿ ಇರುತ್ತದೆ; ಒಂದು ಕೆಟ್ಟರೂ ಇನ್ನೊಂದು ಅನೇಕ ವೇಳೆ ಸಾಕಾಗುತ್ತದೆ. ಮೆಂಡೆಲನ ಪ್ರಬಲ, ದುರ್ಬಲ ಲಕ್ಷಣಗಳ ಪಾಠವನ್ನು ಇಲ್ಲಿ ನೆನಪಿಸಬೇಕು. ಎರಡು, ಒಂದು ಕಾರ್ಯಕ್ಕೆ ಹಲವು ದಾರಿಗಳಿರುತ್ತವೆ. ಯೀಸ್ಟಿನ ಸುಮಾರು 6,000 ಜೀನುಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ, ಪೌಷ್ಟಿಕ ಮಾಧ್ಯಮದಲ್ಲಿ ಅದರ ಬದುಕಿಗೆ ಅನಿವಾರ್ಯವಾದವು ಐದರಲ್ಲಿ ಒಂದು ಭಾಗದಷ್ಟು ಮಾತ್ರ. ಮೂರು, ದೇಹವು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಬೇಸಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಬೆವರಿನ ನೆರವಿನಿಂದ ಒಳಗೆ 37 ಡಿಗ್ರಿಯ ಆಸುಪಾಸೇ ಉಳಿಯುತ್ತದೆ.

ಸ್ಥಿರತೆ ಭಿನ್ನತೆಯನ್ನು ನಾಶಮಾಡುವುದಿಲ್ಲ, ಮರೆಮಾಡುತ್ತದೆ. 1998ರಲ್ಲಿ ರುದರ್‌ಫರ್ಡ್ ಮತ್ತು ಲಿಂಡ್‌ಕ್ವಿಸ್ಟ್ ಹಣ್ಣಿನ ನೊಣದಲ್ಲಿ ಇತರ ಪ್ರೋಟೀನುಗಳ ಆಕಾರ ಕಾಯುವ ಎಚ್‌ಎಸ್‌ಪಿ90 ಎಂಬ ಪ್ರೋಟೀನನ್ನು ದುರ್ಬಲಗೊಳಿಸಿದಾಗ, ಅದುವರೆಗೆ ಅಡಗಿದ್ದ ಭಿನ್ನತೆಗಳು ಕಣ್ಣು ರೆಕ್ಕೆಗಳಲ್ಲಿ ಪ್ರಕಟವಾದವು.

ಶಿಕ್ಷಕರ ಗಮನಕ್ಕೆ

ಕಾಲುವೆಯ ದಂಡೆಗೂ ಮಿತಿಯುಂಟು. ಆರನೆಯ ಬೆರಳು, ಸೀಳುತುಟಿ ಮುಂತಾದವು ಬೆಳವಣಿಗೆಯು ಎಂದಿನ ದಾರಿಯಿಂದ ಸ್ವಲ್ಪ ಸರಿದುದರ ಫಲ. ಸೀಳುತುಟಿಗೆ ಗ್ರಹಣದ ದಿನ ಬಸುರಿ ಹೊರಬಂದುದೇ ಕಾರಣವೆಂಬ ನಂಬಿಕೆ ಊರೂರಲ್ಲಿದೆ. ಅದರ ಭಾರವನ್ನು ತಾಯಿಯೂ ಮಗುವೂ ಹೊರುತ್ತಾರೆ. ಗರ್ಭದ ಮೊದಲ ತಿಂಗಳುಗಳಲ್ಲಿ ಮುಖದ ಭಾಗಗಳು ಕೂಡಬೇಕಾದಲ್ಲಿ ಕೂಡದಿದ್ದರೆ ತುಟಿ ಸೀಳಿರುತ್ತದೆ. ಹಲವು ಜೀನುಗಳೂ ಪರಿಸರದ ಅಂಶಗಳೂ ಅದಕ್ಕೆ ಕಾರಣ, ಗ್ರಹಣವಲ್ಲ. ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಬಹುದು. ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ತರಗತಿಯಲ್ಲಿ ಅಂತಹ ಮಗುವಿದ್ದರೆ ಅದನ್ನು ಉದಾಹರಣೆಯಾಗಿ ಎತ್ತಿ ತೋರಿಸಬಾರದು. ತೊಗರಿಯ ನಾಲ್ಕನೆಯ ಕಿರುಎಲೆ ಆ ಕೆಲಸಕ್ಕೆ ಸಾಕು.

ಮೌಲ್ಯಮಾಪನ

1. ತೊಗರಿಯಲ್ಲಿ ಪರಿಸರಕ್ಕೆ ತಕ್ಕಂತೆ ಬದಲಾಗುವ ಎರಡು, ಬದಲಾಗದ ಎರಡು ಲಕ್ಷಣಗಳನ್ನು ಬರೆಯಿರಿ.
2. ಒಂದು ಜೀನು ಕೆಟ್ಟರೂ ಲಕ್ಷಣ ಉಳಿಯಬಹುದು. ಹೇಗೆ?
3. 'ಹೊರಗೆ ಒಂದೇ ರೀತಿ ಕಾಣುವ ಗಿಡಗಳ ಜೀನುಗಳೂ ಒಂದೇ.' ಈ ಹೇಳಿಕೆಯನ್ನು ಪರಿಶೀಲಿಸಿರಿ.