ಮೊದಲು ಇಸವಿ ನೋಡು, ಮಗಳೇ

ಮಕ್ಕಳಿಗೆ ಬೇಸಿಗೆ ರಜೆ ಕೊಟ್ಟ ಕೂಡಲೇ ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿಬರುತ್ತೇವೆ, ಯಾವ ಗೈಡ್ ಪುಸ್ತಕ ಕೊಳ್ಳಲಿ ಎಂದು ಕೇಳಿದೆಯಲ್ಲ, ನನಗೆ ತುಂಬಾ ಸಂತೋಷವಾಯಿತು. ಫೋನ್ ಇರುವಾಗ ಪುಸ್ತಕ ಯಾಕೆ ಎನ್ನುವವರೇ ಈಗ ಜಾಸ್ತಿ. ಹಂಪಿಯ ಬಂಡೆಗಳ ನಡುವೆ ಸಿಗ್ನಲ್ ಬಂದುಹೋಗಿ ಮಾಡುತ್ತದೆ, ಏಪ್ರಿಲ್ ಬಿಸಿಲಿಗೆ ಸ್ಕ್ರೀನ್ ಕಾಣಿಸುವುದಿಲ್ಲ. ಅದಿರಲಿ, ಫೋನು ನಾವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಏನು ಕೇಳಬೇಕು ಅಂತಲೇ ತಿಳಿಯದ ಜಾಗದಲ್ಲಿ ಪುಸ್ತಕ ಬೇಕು.

ಆದರೆ ಎಲ್ಲವೂ ಇರುವ ಒಂದೇ ಪುಸ್ತಕ ಹುಡುಕಬೇಡ. ಎಲ್ಲಿ ಇಳಿದುಕೊಳ್ಳುವುದು, ಎಲ್ಲಿ ಊಟ, ಬಸ್ಸು ಎಷ್ಟು ಹೊತ್ತಿಗೆ, ಟಿಕೆಟ್ ಎಷ್ಟು ಎಂದು ಹೇಳುವ ಪುಟಗಳು ಬೇರೆ. ಈ ಗುಡಿ ಯಾರು ಕಟ್ಟಿಸಿದ್ದು, ಈ ಕಂಬದಲ್ಲಿ ಯಾವ ಕಥೆ ಕೆತ್ತಿದೆ ಎಂದು ಹೇಳುವ ಪುಟಗಳು ಬೇರೆ. ಮೊದಲಿನವು ಎರಡು ಮೂರು ವರ್ಷಕ್ಕೇ ಹಳಸುತ್ತವೆ. ಎರಡನೆಯವು ಮೂವತ್ತು ನಲವತ್ತು ವರ್ಷ ಬಾಳುತ್ತವೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಕೊಂಡುಕೋ. ದಾರಿಯ ಪುಸ್ತಕ ಹೊಸದಿರಲಿ, ಕಲ್ಲಿನ ಪುಸ್ತಕ ಒಳ್ಳೆಯದಿರಲಿ.

ದಾರಿಯ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಮುಖಪುಟದ ಹಿಂದಿನ ಪುಟ ತೆರೆದು ಇಸವಿ ನೋಡು. ಮರುಮುದ್ರಣವೋ ಪರಿಷ್ಕೃತ ಮುದ್ರಣವೋ ಎನ್ನುವುದನ್ನು ಬಿಡದೆ ನೋಡು. ಮರುಮುದ್ರಣ ಅಂದರೆ ಹಳೆಯ ಮಾತನ್ನೇ ಹೊಸ ಕಾಗದದಲ್ಲಿ ಅಚ್ಚು ಹಾಕಿದ್ದಾರೆ ಅಂತ. ಹಂಪಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಸಾಲು ಮಂಟಪಗಳಲ್ಲಿ ಒಂದು ಕಾಲಕ್ಕೆ ಅಂಗಡಿ, ಹೋಟೆಲ್, ಮನೆ ಎಲ್ಲ ಇದ್ದವು. 2011ರ ಜುಲೈನಲ್ಲಿ ಅವನ್ನು ತೆರವು ಮಾಡಿದರು. ಹೊಳೆಯಾಚೆಯ ವಿರೂಪಾಪುರಗಡ್ಡಿಯಲ್ಲಿ ವಿದೇಶಿಯರು ತಿಂಗಳುಗಟ್ಟಲೆ ಉಳಿಯುತ್ತಿದ್ದ ಗೆಸ್ಟ್‌ಹೌಸುಗಳೂ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ನೆಲಸಮವಾದವು. ಇವನ್ನೆಲ್ಲ ಇನ್ನೂ ಇವೆ ಎಂದು ಬರೆದಿರುವ ಪುಸ್ತಕ ನಂಬಿ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹೊಸಪೇಟೆಯಲ್ಲಿ ಇಳಿಯುವುದು ಬೇಡ.

ಊರುಗಳ ಹೆಸರಿನಿಂದಲೂ ಪುಸ್ತಕದ ವಯಸ್ಸು ಗೊತ್ತಾಗುತ್ತದೆ. ಹಂಪಿ ಬಳ್ಳಾರಿ ಜಿಲ್ಲೆಯಲ್ಲಿದೆ ಅಂದರೆ ಅದು 2021ಕ್ಕಿಂತ ಮೊದಲಿನ ಮಾತು, ಈಗ ಅದು ವಿಜಯನಗರ ಜಿಲ್ಲೆ. ಬಾದಾಮಿಯನ್ನು ಬಿಜಾಪುರ ಜಿಲ್ಲೆಗೆ ಸೇರಿಸಿದ್ದರೆ ಆ ಮಾಹಿತಿ 1997ಕ್ಕೂ ಹಿಂದಿನದು. ಅದು ಬಾಗಲಕೋಟೆ ಜಿಲ್ಲೆಗೆ ಸೇರಿ ಎಷ್ಟೋ ಕಾಲವಾಯಿತು. ಇಷ್ಟನ್ನೂ ತಿದ್ದದವರು ಬಸ್ಸಿನ ವೇಳೆಯನ್ನು ತಿದ್ದಿರುತ್ತಾರೆಯೇ?

ಇಡೀ ಕರ್ನಾಟಕಕ್ಕೆ ಒಂದೇ ಪುಸ್ತಕ ಎನ್ನುವಂಥದ್ದು ಸಿಕ್ಕರೆ, ನೀನು ಹೋಗುವ ಊರಿನ ಪುಟ ಆಮೇಲೆ ತೆಗೆ. ನಿನಗೆ ಚೆನ್ನಾಗಿ ಗೊತ್ತಿರುವ ಊರಿನ ಪುಟ ಮೊದಲು ಓದು. ಬನ್ನೂರಿನಲ್ಲಿ ಬೆಳೆದವಳು ನೀನು, ಸೋಮನಾಥಪುರ ನಿನಗೆ ಮನೆಯಂಗಳ ಇದ್ದ ಹಾಗೆ. ಅಲ್ಲಿ ದಿನನಿತ್ಯದ ಪೂಜೆ ಇಲ್ಲ, ನಡುವಿನ ಗರ್ಭಗುಡಿಯಲ್ಲಿದ್ದ ಮೂಲ ಕೇಶವ ಇಲ್ಲ ಎನ್ನುವುದನ್ನು ಪುಸ್ತಕ ಹೇಳುತ್ತದೋ? ಬೇಲೂರು, ಹಳೇಬೀಡುಗಳ ಜೊತೆ 2023ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿದ್ದು ಬಂದಿದೆಯೋ? ನೀನು ಬಲ್ಲ ಊರಿನ ವಿಷಯದಲ್ಲೇ ತಪ್ಪಿದ ಪುಸ್ತಕವನ್ನು ನೀನು ಅರಿಯದ ಊರಿನಲ್ಲಿ ನಂಬಬೇಡ, ಅಲ್ಲೇ ಮುಚ್ಚಿಡು.

ಲೋನ್ಲಿ ಪ್ಲಾನೆಟ್‌ನ ದಪ್ಪ ಇಂಡಿಯಾ ಸಂಪುಟದ ಬಗ್ಗೆ ನಿನ್ನ ಗಂಡ ಕೇಳಿದ. ಒಳ್ಳೆಯ ಪುಸ್ತಕವೇ. ಪರಿಚಯದವರು ಒಬ್ಬರೂ ಇಲ್ಲದ ನಾಡಿಗೆ ಬಂದಿಳಿಯುವವರಿಗೆ ಬರೆದದ್ದು ಅದು. ಸಾವಿರಕ್ಕೂ ಹೆಚ್ಚು ಪುಟದಲ್ಲಿ ಹಂಪಿಗೆ ಸಿಗುವುದು ಬೆರಳೆಣಿಕೆಯ ಪುಟ. ನಿಮಗೆ ಅಷ್ಟು ಭಾರ ಬೇಡ.

ಇನ್ನು ಕಲ್ಲಿನ ಪುಸ್ತಕ. ಹೊತ್ತು ಕೊಟ್ಟು ಆರಿಸಬೇಕಾದದ್ದು ಇದನ್ನೇ. ಹಂಪಿಗೆ ಮೂರು ಹೆಸರು ಹೇಳುತ್ತೇನೆ. ಪುರಾತತ್ವ ಇಲಾಖೆಯಲ್ಲಿದ್ದ ಲಾಂಗ್‌ಹರ್ಸ್ಟ್ 1917ರಲ್ಲಿ ಬರೆದ ‘ಹಂಪಿ ರೂಯಿನ್ಸ್’ ಒಂದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೇ ಪ್ರಕಟಿಸಿದ ದೇವಕುಂಜರಿ ಅವರ ‘ಹಂಪಿ’ ಇನ್ನೊಂದು. ಅದು ತೆಳ್ಳಗಿದೆ, ಮಾತು ಅಳತೆಯಲ್ಲಿದೆ, ಕೈಯಲ್ಲಿ ಹಿಡಿದು ನಡೆಯಬಹುದು. 1980ರ ದಶಕದಿಂದ ಅಲ್ಲೇ ಬೀಡುಬಿಟ್ಟು ಅಳೆದು ನಕ್ಷೆ ಬರೆದ ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ಅವರದು ಮೂರನೆಯದು. ಒಂದನ್ನೇ ಕೊಳ್ಳುವುದಾದರೆ ಈ ಮೂರನೆಯದನ್ನು ತೆಗೆದುಕೋ ಎನ್ನುತ್ತೇನೆ, ಕಾರಣ ಇದೆ. ಮಹಾನವಮಿ ದಿಬ್ಬದ ಹತ್ತಿರ ಕರಿಗಲ್ಲಿನ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿ ಇದೆಯಲ್ಲ, ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು, ಅದು ಮಣ್ಣಿನಡಿಯಿಂದ ಹೊರಬಂದದ್ದೇ 1980ರ ದಶಕದ ಉತ್ಖನನದಲ್ಲಿ. ಲಾಂಗ್‌ಹರ್ಸ್ಟ್ ಆ ಮಣ್ಣಿನ ಮೇಲೆ ಓಡಾಡಿದ್ದರೂ ಅವರಿಗೆ ಅದು ಕಂಡಿರಲು ಸಾಧ್ಯವಿಲ್ಲ. ಹಳೆಯ ಪುಸ್ತಕ ಬಾಳುತ್ತದೆ ಎಂದೆ, ನಿಜ. ನೆಲ ಅಗೆದ ಮೇಲೆ ಸಿಕ್ಕಿದ್ದು ಮಾತ್ರ ಅದರಲ್ಲಿ ಇರುವುದಿಲ್ಲ.

ಅಂಗಡಿಯಲ್ಲೇ ನಿಂತು ಒಂದು ಪುಟ ಓದು ಎಂದರೆ ನರಸಿಂಹನ ಪುಟ ಓದು. ಬಹಳಷ್ಟು ಪುಸ್ತಕಗಳು ‘ಉಗ್ರ ನರಸಿಂಹ, 6.7 ಮೀಟರ್ ಎತ್ತರ, ಏಕಶಿಲೆ’ ಎಂದು ಬರೆದು ಮುಂದೆ ಹೋಗುತ್ತವೆ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆದ ಆ ಮೂರ್ತಿ ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ. ಪಕ್ಕಕ್ಕೆ ಸರಿದು ನರಸಿಂಹನ ಬೆನ್ನ ಕಡೆ ನೋಡಿದರೆ, ಅವನನ್ನು ಬಳಸಿ ಹಿಡಿದಿದ್ದ ಅವಳ ಕೈ ಇನ್ನೂ ಅಲ್ಲೇ ಉಳಿದಿದೆ. ಮಂಡಿಗಳಿಗೆ ಅಡ್ಡಲಾಗಿ ಕಾಣುವ ಕಲ್ಲಿನ ಪಟ್ಟಿ ದುರಸ್ತಿಯಲ್ಲಿ ಕೂರಿಸಿದ್ದು. ಆ ಕೈಯನ್ನು ನೋಡು ಎಂದು ಹೇಳುವ ಪುಸ್ತಕ ಸಿಕ್ಕರೆ ಬೆಲೆ ನೋಡದೆ ತೆಗೆದುಕೋ. ಬರೆದವರು ಆ ಮೂರ್ತಿಯ ಸುತ್ತ ನಡೆದಿದ್ದಾರೆ. ‘ರಾಣಿಯರ ಸ್ನಾನಗೃಹ’, ‘ಕಮಲ ಮಹಲ್’ ಇವೆಲ್ಲ ನಂತರದ ಜನ ಇಟ್ಟ ಹೆಸರುಗಳು ಎಂದು ಒಪ್ಪಿಕೊಳ್ಳುವ ಪುಸ್ತಕವೂ ಅಷ್ಟೇ ನಂಬಿಕಸ್ಥ.

ಬಾದಾಮಿ ಕಡೆಗೂ ಮಿಷೆಲ್ ಅವರದೇ ಒಂದು ಪುಸ್ತಕವಿದೆ. ಬೇರೆ ಯಾವುದನ್ನಾದರೂ ಕೊಂಡರೆ, ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನ ಇರುವುದನ್ನೂ ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯ 634ರ ಶಾಸನ ಇರುವುದನ್ನೂ ಹೇಳಿದೆಯೇ ನೋಡು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ ಎಂದು ಎಲ್ಲರೂ ಬರೆಯುತ್ತಾರೆ. ಕಟ್ಟಿದ ಶಿಲ್ಪಿಯ ಹೆಸರೂ ಅಲ್ಲಿನ ಶಾಸನದಲ್ಲಿದೆ, ಗುಂಡ ಅನಿವಾರಿತಾಚಾರಿ ಅಂತ. ಆ ಹೆಸರನ್ನು ಮಕ್ಕಳಿಗೆ ಹೇಳು. ಅಷ್ಟು ದೊಡ್ಡ ಗುಡಿಯನ್ನು ಮನಸ್ಸಿನಲ್ಲಿ ಮೊದಲು ಕಂಡವನು ಅವನು.

ನೀವು ಹೋಗುತ್ತಿರುವುದು ಬೇಸಿಗೆಯಲ್ಲಿ, ಅದನ್ನು ಮರೆಯಬೇಡ. ಹೆಚ್ಚಿನ ಪುಸ್ತಕಗಳು ‘ನವೆಂಬರ್‌ನಿಂದ ಫೆಬ್ರವರಿ ಸೂಕ್ತ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತವೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಅದು ಉತ್ತರವಲ್ಲ. ಯಾವ ಜಾಗದಲ್ಲಿ ನೆರಳಿದೆ, ಎಲ್ಲಿ ಕುಡಿಯುವ ನೀರಿದೆ, ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಎಷ್ಟು ದೂರ ನಡೆಯಬೇಕು ಎಂದು ಹೇಳುವ ಪುಸ್ತಕ ನಿನಗೆ ಬೇಕು. ಅರಮನೆಯ ಆವರಣ ಬಟಾಬಯಲು, ಬೆಳಿಗ್ಗೆ ಬೇಗ ಮುಗಿಸಬೇಕು. ವಿಠ್ಠಲ ಗುಡಿಗೆ ಕಾರು ಹೋಗುವುದಿಲ್ಲ, ಕೊನೆಯ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿ ಅಥವಾ ಕಾಲ್ನಡಿಗೆ. ಪೂಜೆ ನಡೆಯುವ ಗುಡಿಗಳಲ್ಲಿ ಬರಿಗಾಲು. ಮಧ್ಯಾಹ್ನ ಹನ್ನೆರಡರ ಹಾಸುಗಲ್ಲಿನ ಮೇಲೆ ಮಗುವನ್ನು ಇಳಿಸಬೇಡ. ಆ ಹೊತ್ತಿಗೆ ಕಮಲಾಪುರದ ಮ್ಯೂಸಿಯಂಗೆ ಹೋಗಿ. ಅಲ್ಲಿ ಹಂಪಿಯ ಗುಡ್ಡ, ಹೊಳೆ, ಗುಡಿಗಳನ್ನೆಲ್ಲ ಚಿಕ್ಕದಾಗಿ ಮಾಡಿಟ್ಟ ದೊಡ್ಡ ಮಾದರಿ ಇದೆ. ಪುಸ್ತಕದ ನಕ್ಷೆಯನ್ನು ಅದರ ಪಕ್ಕ ಬಿಡಿಸಿ ಹಿಡಿದು, ಬೆಳಿಗ್ಗೆ ನಡೆದ ದಾರಿಯನ್ನು ಮಕ್ಕಳೇ ಬೆರಳಿಟ್ಟು ಹುಡುಕಲಿ. ಶುಕ್ರವಾರ ಮಾತ್ರ ಮ್ಯೂಸಿಯಂ ಬಾಗಿಲು ತೆರೆಯುವುದಿಲ್ಲ, ದಿನ ನೋಡಿಕೊಂಡು ಹೊರಡಿ. ಬಾದಾಮಿಯಲ್ಲಿ ಕೋತಿಗಳ ಕಾಟದ ಬಗ್ಗೆ ಎಚ್ಚರಿಸದ ಪುಸ್ತಕ ಬರೆದವರು ಬಾದಾಮಿಗೆ ಹೋಗಿಲ್ಲ ಅಂತಲೇ ತಿಳಿ.

ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣವೂ ದೂರದ ಅಳತೆಯೂ ಇರಬೇಕು. ಬರೀ ಚಿತ್ರದಂಥ ನಕ್ಷೆ ನೋಡಲು ಚೆಂದ, ನಡೆಯುವಾಗ ದಾರಿ ತಪ್ಪಿಸುತ್ತದೆ.

ವಿಠ್ಠಲ ಗುಡಿಯ ಸಪ್ತಸ್ವರದ ಕಂಬಗಳನ್ನು ತಟ್ಟಿ ನಾದ ಕೇಳಿ ಎಂದು ಹಳೆಯ ಪುಸ್ತಕಗಳಲ್ಲಿದೆ. ಈಗ ತಟ್ಟಲು ಬಿಡುವುದಿಲ್ಲ. ತಟ್ಟಿ ತಟ್ಟಿ ಕಂಬಗಳು ಸವೆದಿವೆ, ಮಕ್ಕಳಿಗೆ ಮೊದಲೇ ತಿಳಿಸಿಬಿಡು.

ಪುಸ್ತಕ ಇದ್ದರೂ ಒಂದು ಹೊತ್ತಿಗಾದರೂ ಅಲ್ಲಿನ ಗೈಡ್ ಒಬ್ಬರನ್ನು ಕರೆದುಕೊಳ್ಳಿ, ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನು. ಹಿಂದಿನ ರಾತ್ರಿ ವಿಠ್ಠಲ ಗುಡಿಯ ಅಧ್ಯಾಯ ಓದಿ, ಅರ್ಥವಾಗದ್ದಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟುಕೋ. ಬೆಳಿಗ್ಗೆ ಆ ಗೆರೆಗಳನ್ನು ತೋರಿಸಿ ಕೇಳಿದರೆ, ಅವರು ದಿನಾ ಒಪ್ಪಿಸುವ ಪಾಠ ಬಿಟ್ಟು ನಿನಗೋಸ್ಕರ ಮಾತಾಡುತ್ತಾರೆ.