ಮತದಾರರ ಯಾದಿಯೂ ನಮ್ಮ ನಾಲ್ಕು ತಾಲೂಕುಗಳೂ

ಚುನಾವಣೆಯೆಂದೊಡನೆ ನಮ್ಮ ಊರುಗಳ ಕಟ್ಟೆಯ ಮೇಲೆ ನಡೆಯುವ ಮಾತೆಲ್ಲ ಯಾರು ನಿಂತರು, ಯಾರು ಗೆದ್ದರು, ಯಾರು ಎಷ್ಟು ಹಂಚಿದರು ಎಂಬುದನ್ನು ಕುರಿತದ್ದು. ಮತ ಹಾಕುವವನು ಯಾರು, ಅವನು ಮತದಾರನೆಂದು ನಿರ್ಧರಿಸುವವರು ಯಾರು, ಆ ನಿರ್ಧಾರ ತಪ್ಪಿದರೆ ಕೇಳುವವರು ಯಾರು ಎಂಬ ಪ್ರಶ್ನೆಗಳು ಬರುವುದೇ ಅಪರೂಪ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನಾನು ಈ ಲೇಖನದಲ್ಲಿ ಆ ಒಣ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ವಿಜಯಪುರ ಜಿಲ್ಲೆಯ ತಾಲೂಕುಗಳು. ಇದೇ ಹೆಸರಿನ ವಿಧಾನಸಭಾ ಕ್ಷೇತ್ರಗಳೂ ಉಂಟು. ಆದರೆ ತಾಲೂಕಿನ ಎಲ್ಲೆಯೂ ಕ್ಷೇತ್ರದ ಎಲ್ಲೆಯೂ ಒಂದೇ ಅಲ್ಲ. 2008ರ ಚುನಾವಣೆಯಿಂದ ಜಾರಿಗೆ ಬಂದ ಪುನರ್ವಿಂಗಡಣೆಯಲ್ಲಿ ದೇವರ ಹಿಪ್ಪರಗಿ, ನಾಗಠಾಣ ಎಂಬ ಕ್ಷೇತ್ರಗಳು ಹುಟ್ಟಿದವು. ಹಳೆಯ ಹೂವಿನ ಹಿಪ್ಪರಗಿ, ಬಳ್ಳೊಳ್ಳಿ ಕ್ಷೇತ್ರಗಳು ಅಳಿದವು. ಆದಕಾರಣ ಒಬ್ಬನು ಯಾವ ತಾಲೂಕಿನವನು ಎಂಬುದಕ್ಕಿಂತ ಅವನ ಹೆಸರು ಯಾವ ಯಾದಿಯ ಯಾವ ಭಾಗದಲ್ಲಿದೆ ಎಂಬುದೇ ಮುಖ್ಯ.

ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1935ರ ಕಾಯಿದೆಯಂತೆ ಭೂಕಂದಾಯ, ತೆರಿಗೆ, ವಿದ್ಯೆ ಮುಂತಾದ ಅಳತೆಗೆ ಸಿಕ್ಕವರಿಗಷ್ಟೇ ಮತವಿತ್ತು. ಸಂವಿಧಾನದ 326ನೆಯ ಅನುಚ್ಛೇದ ಆ ಅಳತೆಗೋಲನ್ನು ಮುರಿದುಹಾಕಿತು. 1951–52ರ ಮೊದಲ ಮಹಾಚುನಾವಣೆಗೆ ಹದಿನೇಳು ಕೋಟಿಗೂ ಮಿಕ್ಕಿದ ಹೆಸರುಗಳ ಯಾದಿ ಸಿದ್ಧವಾಯಿತು. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ ಸೇನರು. ಉತ್ತರ ಭಾರತದ ಹಲವು ಕಡೆ ಹೆಂಗಸರು ತಮ್ಮ ಹೆಸರು ಹೇಳಲೊಪ್ಪದೆ ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಯಿಸಿದ್ದರು. ಅಂಥ ಸುಮಾರು 28 ಲಕ್ಷ ನಮೂದುಗಳನ್ನು ಯಾದಿಯಿಂದ ತೆಗೆಯಬೇಕಾಯಿತು. ಕಠಿಣವೆನಿಸಿದರೂ ಅದು ಸರಿಯಾದ ನಿರ್ಣಯವೆಂದೇ ನಾನು ಭಾವಿಸುತ್ತೇನೆ. ಹೆಸರಿಲ್ಲದವರ ಮತವನ್ನು ಯಾರು ಬೇಕಾದರೂ ಹಾಕಬಲ್ಲರು.

ವಯಸ್ಸಿನ ಮಾತು ಸರಳ. ಮೊದಲು 21 ವರ್ಷವಿತ್ತು; 61ನೆಯ ತಿದ್ದುಪಡಿಯಿಂದ 1989ರಲ್ಲಿ 18 ಆಯಿತು. ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿದ್ದುದರಿಂದ ಫೆಬ್ರುವರಿಯಲ್ಲಿ ಹುಟ್ಟಿದವನು ಸುಮಾರು ಒಂದು ವರ್ಷ ಕಾಯಬೇಕಾಗಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ನಾಲ್ಕು ದಿನಾಂಕಗಳಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಕಾಲೇಜಿನ ಮೊದಲ ವರ್ಷದವರು ಇದನ್ನು ಗಮನಿಸಬೇಕು.

ತೊಡಕೆಲ್ಲ ಇರುವುದು ‘ಸಾಮಾನ್ಯವಾಗಿ ವಾಸಿಸುವವನು’ ಎಂಬ ಎರಡು ಶಬ್ದಗಳಲ್ಲಿ. 1950ರ ಪ್ರಜಾ ಪ್ರಾತಿನಿಧ್ಯ ಕಾಯಿದೆಯ 19ನೆಯ ಕಲಮು ವಯಸ್ಸಿನ ಜೊತೆಗೆ ಕೇಳುವುದು ಇದೊಂದನ್ನೇ. 20ನೆಯ ಕಲಮು ಅದಕ್ಕೆ ಎರಡು ಬದಿಯಿಂದ ಬೇಲಿ ಹಾಕುತ್ತದೆ. ಒಂದು ಕಡೆ, ಊರಲ್ಲಿ ಮನೆಯಿದ್ದ ಮಾತ್ರಕ್ಕೆ ಯಾರೂ ಆ ಊರ ವಾಸಿಯಾಗುವುದಿಲ್ಲ. ಇನ್ನೊಂದು ಕಡೆ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರ ವಾಸವೂ ತಪ್ಪುವುದಿಲ್ಲ. ನಮ್ಮ ತಾಲೂಕುಗಳಿಗೆ ಈ ಎರಡೂ ವಾಕ್ಯಗಳು ಅಳತೆ ತೆಗೆದು ಹೊಲಿದಂತಿವೆ. ಪುಣೆಯಲ್ಲಿ ಹತ್ತಾರು ವರ್ಷದಿಂದ ಸಂಸಾರ ಹೂಡಿ, ಊರ ಮನೆಗೆ ಕೀಲಿ ಹಾಕಿ, ಜಾತ್ರೆಗೆ ಮಾತ್ರ ಬರುವವನಿಗೆ ಇಲ್ಲಿ ಮತವಿಲ್ಲ. ಮಳೆ ಕೈಕೊಟ್ಟಾಗ ಗುಳೆ ಹೋಗಿ ಗೋವೆಯಲ್ಲೋ ಮುಂಬಯಿಯಲ್ಲೋ ಕಟ್ಟಡದ ಕೂಲಿ ಮಾಡಿ, ಬಿತ್ತಿಗೆಯ ಹೊತ್ತಿಗೆ ಮರಳುವವನಿಗೆ ಇಲ್ಲಿಯೇ ಮತವುಂಟು. ಹೊರಗಿನಿಂದ ನೋಡಿದರೆ ಇಬ್ಬರ ಮನೆಯ ಬಾಗಿಲಿಗೂ ಕೀಲಿಯೇ! ಒಳಗಿನ ಭೇದ ತಿಳಿಯಬೇಕಾದರೆ ನೆರೆಯವರನ್ನು ಕೇಳಬೇಕು, ಎರಡನೆಯ ಸಲ ಹೋಗಬೇಕು.

ಇಲ್ಲಿ ಕಾಲಮಾನದ ಒಂದು ಅನ್ಯಾಯವೂ ಸೇರಿಕೊಂಡಿದೆ. ಯಾದಿಯ ವಾರ್ಷಿಕ ಪರಿಷ್ಕರಣೆ ಸಾಮಾನ್ಯವಾಗಿ ನಡೆಯುವುದು ನವೆಂಬರಿನಿಂದ ಜನವರಿಯವರೆಗೆ. ಕಬ್ಬು ಕಡಿಯುವ ಹಂಗಾಮೂ ಅದೇ. ಮತಗಟ್ಟೆ ಮಟ್ಟದ ಅಧಿಕಾರಿ ಬಾಗಿಲು ತಟ್ಟುವ ಹೊತ್ತಿಗೆ ಮನೆಯವರು ಕಬ್ಬಿನ ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕಿಕೊಂಡಿರುತ್ತಾರೆ. ಹಾಗೆಂದು ‘ಸ್ಥಳಾಂತರಗೊಂಡವರು’ ಎಂದು ಗುರುತು ಹಾಕಿದರೆ ಕಾನೂನು ಯಾರನ್ನು ಕಾಯಲು ಹೊರಟಿತ್ತೋ ಅವರನ್ನೇ ಹೊರಹಾಕಿದಂತಾಗುತ್ತದೆ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವರ ಸಂಗತಿ ಬೇರೆ. ಅವರ ವಾಸವೇ ಬದಲಾಯಿತು, ಹೆಸರೂ ಹೊಸ ಊರಿನ ಭಾಗಕ್ಕೆ ಹೋಗಬೇಕು.

ಹೆಸರು ತೆಗೆಯುವ ಅಧಿಕಾರ 22ನೆಯ ಕಲಮಿನಲ್ಲಿದೆ. ಸತ್ತವರ ಹೆಸರನ್ನು ಬಿಟ್ಟು ಉಳಿದವರದನ್ನು ತೆಗೆಯುವ ಮುನ್ನ ಅವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡಲೇಬೇಕು. 1995ರಲ್ಲಿ ಲಾಲ್ ಬಾಬು ಹುಸೇನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಆದೇಶ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೂ, ಅಲ್ಲಿಂದ ಮುಂದೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೂ ಮೇಲ್ಮನವಿ ಸಲ್ಲಿಸಬಹುದು. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡಿನಿಂದ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದಾಗ, ಬಿಟ್ಟ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಅದೇ ನ್ಯಾಯಾಲಯ ಆಗಸ್ಟಿನಲ್ಲಿ ಆಜ್ಞಾಪಿಸಿತು.

ದೂರದ ಬಿಹಾರದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ಮನೆಮನೆಗೆ ಹೋಗಿ ಪರೀಕ್ಷಿಸಿದಾಗ ನಿಜವಾದವು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಪೊಲೀಸರಿಗೆ ಫಿರ್ಯಾದಿ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ದಳವನ್ನು ನೇಮಿಸಿತು. ಇದೇ ಕ್ಷೇತ್ರದಲ್ಲಿ 2018ರ ಗೆಲುವಿನ ಅಂತರ 697 ಮತ. ಆರು ಸಾವಿರ ಹೆಸರಿನ ಬೆಲೆ ಏನೆಂಬುದನ್ನು ವಾಚಕರೇ ತೂಗಿ ನೋಡಲಿ. ಯಂತ್ರದ ಮೂಲಕ ಬಂದ ಸುಳ್ಳನ್ನು ಇಲ್ಲಿ ಹಿಡಿದದ್ದು ಯಾವ ಯಂತ್ರವೂ ಅಲ್ಲ, ಊರಿನ ಮನೆಗಳನ್ನು ಬಲ್ಲ ಜನ.

ಸುಳ್ಳು ಘೋಷಣೆ ಮಾಡಿದವನಿಗೆ 31ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಯಾದಿಯ ಕೆಲಸದಲ್ಲಿ ಕರ್ತವ್ಯಭಂಗ ಮಾಡಿದ ಅಧಿಕಾರಿಗೆ 32ನೆಯ ಕಲಮಿನಂತೆ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆ ಮತ್ತು ದಂಡ. ಕೆಳಗಿನ ನೌಕರನ ಮೇಲೆ ಕಾನೂನು ಇಷ್ಟು ಬಿಗಿಯಾಗಿರುವಾಗ ಅವನಿಗೆ ಬೇಕಾದಷ್ಟು ದಿನಗಳನ್ನಾದರೂ ಕೊಡಬೇಕಲ್ಲವೆ? ಶಾಲೆಯ ಪಾಠ ಮುಗಿಸಿ ಸಂಜೆ ಯಾದಿ ಹಿಡಿದು ತಿರುಗುವ ಶಿಕ್ಷಕರನ್ನು ನಾವೆಲ್ಲ ಕಂಡವರೇ.

ಎರಡು ಕಡೆ ಹೆಸರಿರುವುದು ನಮ್ಮ ಗಡಿಯ ವಿಶೇಷ ರೋಗ. ಇಂಡಿಯ ಭಾಗದಿಂದ ಭೀಮೆಯನ್ನು ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಲ್ಲಿಯೂ ಕನ್ನಡವೇ, ಬೀಗತನವೂ ಹೇರಳ. ಅಕ್ಕಲಕೋಟೆಯ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಗಳ ಹೆಸರು ಗಂಡನ ಊರಲ್ಲಿ ಸೇರುತ್ತದೆ, ತವರಿನಲ್ಲಿಯೂ ಉಳಿದಿರುತ್ತದೆ. ಇದು ಕಪಟವಲ್ಲ, ಆಲಸ್ಯ. ಆದರೂ 17ನೆಯ ಕಲಮು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹೆಸರನ್ನು ಒಪ್ಪುವುದಿಲ್ಲ. ಸ್ಥಳಾಂತರಕ್ಕೆ ನಮೂನೆ 8 ಇದೆ. ಹೊಸ ಊರಿನಲ್ಲಿ ಅದನ್ನು ತುಂಬಿದರೆ ಸಾಕು. ಅಂದಹಾಗೆ, ಉಮೇದುವಾರನಿಗೆ ಈ ಕಟ್ಟು ಸಡಿಲ. ರಾಜ್ಯದ ಯಾವುದೇ ಕ್ಷೇತ್ರದ ಮತದಾರನಾದರೂ ಸಾಮಾನ್ಯ ಸ್ಥಾನಕ್ಕೆ ಎಲ್ಲಿಯಾದರೂ ನಿಲ್ಲಬಹುದು. 1962ರಲ್ಲಿ ಹೊಸದುರ್ಗದಲ್ಲಿ ಸೋತ ಎಸ್. ನಿಜಲಿಂಗಪ್ಪನವರು ಅಂದಿನ ನಮ್ಮ ಜಿಲ್ಲೆಯ ಬಾಗಲಕೋಟೆಯಿಂದ ವಿಧಾನಸಭೆಗೆ ಬಂದದ್ದು ಈ ಸಡಿಲಿಕೆಯಿಂದಲೇ.

ಮತದಾನದ ದಿನದ ಪರೀಕ್ಷೆ ಬೇರೆ ಬಗೆಯದು. ಆ ದಿನ ಮತಗಟ್ಟೆಯ ಅಧ್ಯಕ್ಷಾಧಿಕಾರಿ ‘ನೀನು ಈ ಊರಿನವನಲ್ಲ’ ಎಂದು ಯಾರನ್ನೂ ತಿರುಗಿಸಿ ಕಳಿಸುವಂತಿಲ್ಲ. ಯಾದಿಯಲ್ಲಿ ಹೆಸರಿದೆಯೇ, ಬಂದವನು ಆ ಹೆಸರಿನವನೇ ಎಂಬುದಷ್ಟೇ ಅವನ ವಿಚಾರ. ಉಮೇದುವಾರನ ಏಜೆಂಟನಿಗೆ ಸಂಶಯ ಬಂದರೆ ಎರಡು ರೂಪಾಯಿ ಠೇವಣಿಯಿಟ್ಟು ಆಕ್ಷೇಪಿಸಬಹುದು. 1961ರ ನಿಯಮಗಳಲ್ಲಿ ಬರೆದ ಎರಡು ರೂಪಾಯಿ ಇಂದಿಗೂ ಎರಡೇ ರೂಪಾಯಿ! ಸೋಗು ಸಿದ್ಧವಾದರೆ ಬಂದವನು ಪೊಲೀಸರ ವಶಕ್ಕೆ ಹೋಗುತ್ತಾನೆ. ಪರರ ಹೆಸರಿನಲ್ಲಿ ಮತ ಹಾಕುವುದು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 172ನೆಯ ಕಲಮಿಗೆ ಬರುತ್ತದೆ. ನಿಜವಾದ ಮತದಾರ ಬರುವಷ್ಟರಲ್ಲಿ ಅವನ ಮತ ಬಿದ್ದುಹೋಗಿದ್ದರೆ ಅವನಿಗೆ ಪ್ರತ್ಯೇಕ ಮತಪತ್ರ ಕೊಟ್ಟು, ಲಕೋಟೆಯಲ್ಲಿ ಮುಚ್ಚಿಡುತ್ತಾರೆ. ಎಣಿಕೆಯ ದಿನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚುನಾವಣಾ ತಕರಾರು ಅರ್ಜಿಯಲ್ಲಿ ಹೈಕೋರ್ಟು ಬಯಸಿದರೆ ಮಾತ್ರ ಅದಕ್ಕೆ ಜೀವ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣರ ಎದುರು ಸೋತದ್ದು ಒಂದೇ ಒಂದು ಮತದಿಂದ. ಆದುದರಿಂದ ಆ ಲಕೋಟೆಯನ್ನು ಕಾಟಾಚಾರವೆನ್ನಲಾಗದು.

ಈ ನಿಯಮಗಳ ತಿಳಿವಳಿಕೆಯಿಲ್ಲದ ಕಡೆ ಸಂಶಯವೇ ಕಾನೂನಾಗುತ್ತದೆ. 2018ರಲ್ಲಿ ಮತ ಎಣಿಕೆಯ ಅನಂತರ ಬಾಗೇವಾಡಿ ತಾಲೂಕಿನ ಮನಗೂಳಿಯಲ್ಲಿ ವಿವಿಪ್ಯಾಟ್ ಯಂತ್ರಗಳ ಖಾಲಿ ಪೆಟ್ಟಿಗೆಗಳು ಸಿಕ್ಕು ದೊಡ್ಡ ಗದ್ದಲವಾಯಿತು. ಯಂತ್ರಗಳೆಲ್ಲ ಭದ್ರವಾಗಿವೆಯೆಂದು ಚುನಾವಣಾ ಆಯೋಗ ಸ್ಪಷ್ಟಪಡಿಸಿತು. 2023ರ ಮೇ 10ರಂದು ಅದೇ ತಾಲೂಕಿನ ಮಸಬಿನಾಳದಲ್ಲಿ, ಕಾಯ್ದಿರಿಸಿದ ಯಂತ್ರಗಳನ್ನು ಒಯ್ಯುತ್ತಿದ್ದ ಅಧಿಕಾರಿಯ ವಾಹನವನ್ನು ಜನರು ತಡೆದು ಯಂತ್ರಗಳನ್ನು ಒಡೆದರು. ಪೊಲೀಸರು ಹಲವರನ್ನು ಬಂಧಿಸಿದರು. ಕಾಯ್ದಿರಿಸಿದ ಯಂತ್ರವೆಂದರೆ ಮತಗಟ್ಟೆಯ ಯಂತ್ರ ಕೆಟ್ಟರೆ ಬದಲಿಗಿಡುವುದು, ಅದರಲ್ಲಿ ಮತಗಳಿರುವುದಿಲ್ಲ. ಮತಗಳಿರುವ ಯಂತ್ರದ ಲೆಕ್ಕ ನಮೂನೆ 17-ಸಿ ಎಂಬ ಕಾಗದದಲ್ಲಿದೆ. ಮತದಾನ ಮುಗಿದೊಡನೆ ಅದರ ಪ್ರತಿಯನ್ನು ಹಾಜರಿರುವ ಪ್ರತಿಯೊಬ್ಬ ಏಜೆಂಟನಿಗೂ ಅಧ್ಯಕ್ಷಾಧಿಕಾರಿ ಕೊಡತಕ್ಕದ್ದು. ಯಂತ್ರದ ಗುರುತಿನ ಸಂಖ್ಯೆ, ಬಿದ್ದ ಒಟ್ಟು ಮತಗಳು, ಕಾಗದದ ಮುದ್ರೆಗಳ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. ಮುಂದಿನ ಸಲ ನಮ್ಮಲ್ಲಿ ಯಾರಾದರೂ ಮತಗಟ್ಟೆಯಲ್ಲಿ ಏಜೆಂಟರಾಗಿ ಕುಳಿತರೆ, ಸಂಜೆ ಮನೆಗೆ ಹೊರಡುವ ಮೊದಲು ಆ ಪ್ರತಿಯನ್ನು ಕೇಳಿ ಪಡೆದುಕೊಳ್ಳಲಿ.