ಕೈ ಎತ್ತಿಸಬೇಡಿ, ಹಾಡಿಸಿ

ಗಡಿಯಾಚೆ ತೆಲಂಗಾಣದ ಶಾಲೆಗಳಿಗೆ ಹಾಡಲು ಹೊರಡುವ ಕಾಲೇಜು ತಂಡಗಳಿಗೆ ಮೊದಲೇ ಹೇಳಿಬಿಡುತ್ತೇನೆ: ಮಕ್ಕಳ ಎದುರು ನಿಂತು ‘ಕನ್ನಡ ಯಾರಿಗೆ ಬರ್ತದ, ಕೈ ಎತ್ರಿ’ ಎಂದು ಕೇಳಬೇಡಿ. ಬೇರೆ ಯಾರಾದರೂ ಕೇಳಲು ಬಂದರೆ ತಡೆಯಿರಿ. ಕೊಹೀರ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹಾಗೆ ಕೇಳಿದ್ದರಿಂದ ಆದ ಅವಮಾನ ನನಗೆ ಇವತ್ತಿಗೂ ಅರಗಿಲ್ಲ.

ನಮ್ಮದು ಬೀದರದ ತಂಡ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಹಾಡುವವರು ನಾಲ್ಕೈದು ಮಂದಿ. ಬಸವಣ್ಣನ, ಅಕ್ಕನ ವಚನಗಳು, ಕಡಕೋಳ ಮಡಿವಾಳಪ್ಪನ ತತ್ವಪದ, ಹುಮನಾಬಾದಿನ ಮಾಣಿಕಪ್ರಭುಗಳ ಪದ. ಪ್ರಭುಗಳು ಮರಾಠಿ, ಕನ್ನಡ, ಉರ್ದು ಎಲ್ಲದರಲ್ಲೂ ಹಾಡು ಕಟ್ಟಿದವರು. ಆ ಸೀಮೆಗೆ ಅವರೇ ಸರಿ ಎಂದು ಹಟ ಹಿಡಿದು ಪಟ್ಟಿಗೆ ಸೇರಿಸಿದವಳು ನಾನು. ಜಹೀರಾಬಾದ್, ನಾರಾಯಣಖೇಡ 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದವು, ತಾಂಡೂರು ಗುಲಬರ್ಗಾದಲ್ಲಿತ್ತು. ಆ ನವೆಂಬರ್ 1ಕ್ಕೆ ಮೂರೂ ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಹೆಣ್ಣು ಕೊಡುವುದು, ತರುವುದು ಮಾತ್ರ ನಿಲ್ಲಲಿಲ್ಲ. ನನ್ನ ಅವ್ವನ ತವರು ಕೊಹೀರ್ ಕಡೆಯದು. ಅಲ್ಲಿನ ಸೋದರಮಾವನಿಗೆ ಫೋನ್ ಮಾಡಿದರೆ, ‘ಇಲ್ಲಿ ಹುಡುಗರು ಕನ್ನಡ ಮರ್ತಾವ, ಸುಮ್ನ ಯಾಕ ದಣೀತೀರಿ’ ಅಂದರು. ಅವರ ಮಕ್ಕಳೇ ಅಜ್ಜಿಯ ಜೊತೆ ಕನ್ನಡ, ತಮ್ಮತಮ್ಮಲ್ಲಿ ತೆಲುಗು, ಪೇರಲ ತೋಟಕ್ಕೆ ಬರುವ ವ್ಯಾಪಾರಿಯ ಜೊತೆ ದಖನಿ ಮಾತಾಡುತ್ತಾರೆ. ದೊಡ್ಡವರಿಗೆ ಅದು ಕಾಣುವುದೇ ಇಲ್ಲ.

ಮೊದಲು ಹೋದದ್ದು ನಾರಾಯಣಖೇಡಕ್ಕೆ. ಲಂಬಾಣಿ ತಾಂಡಾಗಳ ಮಕ್ಕಳೇ ಹೆಚ್ಚಿದ್ದ ಶಾಲೆ. ನಮ್ಮ ಹಿಮ್ಮೇಳದ ಹುಡುಗಿ ಔರಾದ ಕಡೆಯ ತಾಂಡಾದವಳು. ಅವಳ ಚಿಕ್ಕಮ್ಮನ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಒಂದೇ ಮನೆತನದ ಇಬ್ಬರು ಹುಡುಗಿಯರು, ಎರಡು ಬೇರೆ ಸರ್ಟಿಫಿಕೇಟು. ಅವರಿಬ್ಬರೂ ಕೂಡಿ ತಾಂಡಾದ ತೀಜ್ ಹಬ್ಬದ ಹಾಡು ಎತ್ತಿಕೊಂಡಾಗ ಇಡೀ ಶಾಲೆ ಚಪ್ಪಾಳೆಯ ತಾಳಕ್ಕೆ ಬಂತು. ನಮ್ಮ ಪಟ್ಟಿಯಲ್ಲಿ ಇಲ್ಲದ ಹಾಡು ಅದು. ತಂಡದ ಹೊಣೆ ಹೊತ್ತಿದ್ದ ನಮ್ಮ ಉಪನ್ಯಾಸಕರಿಗೆ ಅದು ಸರಿ ಬರಲಿಲ್ಲ. ‘ಪಟ್ಟಿ ಬಿಟ್ಟು ಆಚೀಚೆ ಹೋಗಬ್ಯಾಡ್ರಿ’ ಎಂದು ಬಸ್ಸಿನಲ್ಲಿ ಎಲ್ಲರಿಗೂ ತಾಕೀತು ಮಾಡಿದರು.

ಕೊಹೀರ್ ಕಡೆಯ ಆ ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಜಮಖಾನ ಹಾಸಿದ್ದರು. ಒಂದು ಕಡೆ ತೆಲುಗು ಮಾಧ್ಯಮದ ಮಕ್ಕಳು, ಇನ್ನೊಂದು ಕಡೆ ಉರ್ದು ಮಾಧ್ಯಮದವರು. ಕಾರ್ಯಕ್ರಮಕ್ಕೆ ಮೊದಲು ನಳದ ಹತ್ತಿರ ಇಬ್ಬರು ಹುಡುಗಿಯರು, ‘ನೀ ಮೊದ್ಲ ಕುಡಿ, ನಾ ಆಮ್ಯಾಲ’ ಎಂದು ಮಾತಾಡಿಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಅವರಿಬ್ಬರೂ ಮುಂದಿನ ಸಾಲಿನಲ್ಲೇ ಕೂತಿದ್ದರು.

ಎರಡು ವಚನ ಮುಗಿದಿತ್ತು. ತಪಾಸಣೆಗೆಂದು ಬಂದಿದ್ದ ಒಬ್ಬ ಅಧಿಕಾರಿ ನೇರ ಬಂದು ಮೈಕು ತೆಗೆದುಕೊಂಡರು. ಕನ್ನಡ ಯಾರಿಗೆ ಬರುತ್ತದೆ, ಕೈ ಎತ್ತಿ ಎಂದು ತೆಲುಗಿನಲ್ಲಿ ಕೇಳಿದರು. ಒಂದು ಕೈಯೂ ಮೇಲೆ ಬರಲಿಲ್ಲ. ನಾನು ಆ ಹುಡುಗಿಯರನ್ನೇ ನೋಡುತ್ತಿದ್ದೆ. ಒಬ್ಬಳು ತಲೆ ಬಗ್ಗಿಸಿ ಜಮಖಾನದ ದಾರ ಕೀಳತೊಡಗಿದಳು. ಇನ್ನೊಬ್ಬಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಅಧಿಕಾರಿ ಮತ್ತೊಮ್ಮೆ ಕೇಳಿದರು. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ‘ಚೂಶಾರಾ? ಒಕ್ಕರು ಕೂಡಾ ಲೇರು’ ಎಂದು ಅವರು ನಮ್ಮ ಕಡೆ ತಿರುಗಿದರು. ಒಬ್ಬರೂ ಇಲ್ಲವಲ್ಲ, ಒಂದು ದೇಶಭಕ್ತಿಗೀತೆ ಹಾಡಿ ಮುಗಿಸಿ ಎಂದರು. ನನ್ನ ಗಂಟಲು ಒಣಗಿತು. ಅಳು ಬರುವಷ್ಟು ಸಿಟ್ಟು. ನಮ್ಮ ಉಪನ್ಯಾಸಕರು ಆಗಲೇ ಹಾರ್ಮೋನಿಯಮ್ಮಿನ ಪೆಟ್ಟಿಗೆಗೆ ಕೈ ಹಾಕಿದ್ದರು.

ಇಡೀ ಶಾಲೆಯ ಎದುರು ತಾನು ಬೇರೆ ಎಂದು ತೋರಿಸಿಕೊಳ್ಳಲು ಯಾವ ಮಗು ಕೈ ಎತ್ತುತ್ತದೆ? ಆ ಅಧಿಕಾರಿಯನ್ನು ನಾನು ಕ್ಷಮಿಸಿಲ್ಲ.

ಆಗ ಎದ್ದವರು ಆ ಶಾಲೆಯ ತೆಲುಗು ಮೇಷ್ಟ್ರು. ಬಸವಪುರಾಣವನ್ನು ಮೊದಲು ಬರೆದವನು ಪಾಲ್ಕುರಿಕೆ ಸೋಮನಾಥ, ಅದೂ ತೆಲುಗಿನಲ್ಲಿ; ಕನ್ನಡದ ಭೀಮಕವಿ 1369ರಲ್ಲಿ ಬರೆದ ಬಸವಪುರಾಣಕ್ಕೆ ಅದೇ ಮೂಲ, ಹಾಗಾಗಿ ಬಸವಣ್ಣ ಇಲ್ಲಿಗೆ ಹೊರಗಿನವನಲ್ಲ ಸಾರ್ ಎಂದರು. ನಾನು ಬಿ.ಎ.ಯಲ್ಲಿ ಕನ್ನಡ ಓದಿದವಳು, ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ಅಲ್ಲಿಯ ತನಕ ಕೇಳಿರಲಿಲ್ಲ. ಅಧಿಕಾರಿ ಉತ್ತರ ಕೊಡದೆ ಆಫೀಸ್ ರೂಮಿಗೆ ನಡೆದರು.

ನಮ್ಮ ತಬಲಾದವನ ಮನೆಮಾತು ದಖನಿ, ಬೀದರದ ಹಳೇ ಊರಿನವನು. ಅವನು ತಬಲಾ ಬಿಟ್ಟು, ಡ್ರಿಲ್ಲಿಗೆ ಬಾರಿಸುವ ಶಾಲೆಯ ಡ್ರಮ್ಮನ್ನು ಮೂಲೆಯಿಂದ ಎಳೆದು ತಂದು ಮೊಹರಂನ ಅಲಾಯಿ ಪೆಟ್ಟು ಹಾಕಿದ. ಬೆಂಕಿಯ ಕುಣಿಯ ಸುತ್ತ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಹೆಜ್ಜೆ ಹಾಕುವ ಪೆಟ್ಟು ಅದು. ನಮ್ಮಲ್ಲೂ ಅದೇ, ತೆಲುಗಿನವರ ಪೀರ್ಲ ಪಂಡುಗದಲ್ಲೂ ಅದೇ. ಎರಡೂ ಕಡೆಯ ಹುಡುಗರು ಕೂತಲ್ಲೇ ಅಲುಗಿದರು. ಉರ್ದು ಮಾಧ್ಯಮದ ಸಾಲಿನಿಂದ ಒಬ್ಬ ಎದ್ದು ಅಲಾಯಿ ಪದ ಶುರು ಮಾಡಿದ. ಅಚ್ಚ ಕನ್ನಡ! ತೆಲುಗಿನ ಹುಡುಗರು ತಮ್ಮ ಸೊಲ್ಲು ಸೇರಿಸಿದರು. ನಳದ ಹತ್ತಿರದ ಆ ಹುಡುಗಿಯರೂ ಬಾಯಿ ಬಿಟ್ಟು ಹಾಡಿದರು. ಯಾರೂ ನಗಲಿಲ್ಲ.

ಪಟ್ಟಿ ಮುರಿದದ್ದಕ್ಕೆ ಕಾಲೇಜಿನಲ್ಲಿ ನಮ್ಮಿಂದ ವಿವರಣೆ ಬರೆಸಿಕೊಂಡರು. ಬರೆದೆ. ಮತ್ತೆ ಹೋದರೂ ಹೀಗೇ ಮಾಡುತ್ತೇನೆ ಎಂದೂ ಬರೆದೆ.

ಹೋಗುವವರಿಗೆ ಇಷ್ಟು: ಮುಖ್ಯೋಪಾಧ್ಯಾಯರಿಗೆ ಪತ್ರವನ್ನು ತೆಲುಗಿನಲ್ಲಿ ಬರೆಸಿ. ಉರ್ದು ಮಾಧ್ಯಮ ಇರುವಲ್ಲಿ ಶುಕ್ರವಾರ ಮಧ್ಯಾಹ್ನ ಇಟ್ಟುಕೊಳ್ಳಬೇಡಿ. ಬಾರಿಸಲು ಒಂದು ಹಲಗೆ ಜೊತೆಗಿರಲಿ. ಯಾವ ಭಾಷೆ ಬರುತ್ತದೆ ಎನ್ನುವ ಬದಲು ಅಲಾಯಿಗೆ, ತೀಜ್‌ಗೆ, ಬತುಕಮ್ಮಕ್ಕೆ, ಝರಾಸಂಗಮದ ಜಾತ್ರೆಗೆ ಏನು ಹಾಡುತ್ತೀರಿ ಎಂದು ಕೇಳಿ, ಮೊದಲ ಹಾಡು ಮಕ್ಕಳದೇ ಆಗಲಿ. ತಾಂಡೂರಿನಲ್ಲಿ ನಾವು ಹಾಗೇ ಮಾಡಿದೆವು. ನಮ್ಮ ಸರದಿ ಬರುವಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು, ಮಾಣಿಕಪ್ರಭುಗಳ ಒಂದೇ ಪದ ಹಾಡಿ ಹೊರಟೆವು.